ಸಿಂಗಲ್ ಸಿಲಿಂಡರ್ ಬೈಕಿನ ವೈಬ್ರೇಶನ್: ಎಂಜಿನ್ನಿನ ಗುಣ ಯಾವುದು, ಕೆಟ್ಟಿದ್ದು ಯಾವುದು?

ಹುಬ್ಳಿ ಸವಾರ

ಎಲ್ಲರಿಗೂ ನಮಸ್ಕಾರ. ನನ್ನದು 2013ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಹಳೆಯ ಯುಸಿಇ (ಎಂಜಿನ್, ಗೇರ್‌ಬಾಕ್ಸ್ ಒಂದೇ ಕೇಸಿನಲ್ಲಿರುವ) ಎಂಜಿನ್ನಿನದ್ದು. 80 ದಾಟಿದರೆ ಹ್ಯಾಂಡಲ್ ಗುಂಯ್ ಅನ್ನುವುದು ಮೊದಲಿನಿಂದಲೂ ಇತ್ತು. ಅದಕ್ಕೆ ಹೊಂದಿಕೊಂಡಿದ್ದೆ. ಇತ್ತೀಚೆಗೆ ಹೊಗೆ ಜಾಸ್ತಿಯಾಯಿತು ಅಂತ ಒಂದು ಗ್ಯಾರೇಜಿನಲ್ಲಿ ಎಂಜಿನ್ ಇಳಿಸಿ ಬೋರ್ ಕೆಲಸ (ಸಿಲಿಂಡರ್ ಕೊರೆದು ಹೊಸ ಪಿಸ್ಟನ್ ಹಾಕುವುದು) ಮಾಡಿಸಿದೆ. ಹೊಗೆ ನಿಂತಿದೆ, ಪಿಕಪ್ ಕೂಡ ಚೆನ್ನಾಗಿದೆ. ಆದರೆ ಅವತ್ತಿನಿಂದ 60ರಲ್ಲೇ ಫುಟ್‌ರೆಸ್ಟ್ ಅದುರುತ್ತದೆ. ಧಾರವಾಡಕ್ಕೆ ಹೋಗಿ ಇಳಿದರೆ ಅಂಗಾಲು ಜುಮ್ ಅನ್ನುತ್ತಿರುತ್ತದೆ. ಹಿಂದಿನ ನಂಬರ್ ಪ್ಲೇಟ್ ಬೋಲ್ಟಿನ ಹತ್ತಿರ ಸೀಳಿದೆ. ಬಲಗಡೆ ಕನ್ನಡಿಯಲ್ಲಿ ಹಿಂದೆ ಬರುವುದು ಲಾರಿಯೋ ಕಾರೋ ಗೊತ್ತಾಗುವುದಿಲ್ಲ.

ಗ್ಯಾರೇಜಿನವರನ್ನು ಕೇಳಿದರೆ "ಸಿಂಗಲ್ ಸಿಲಿಂಡರ್ ಅಂದ್ರೆ ಹಂಗೇ ಸರ್" ಅಂತಾರೆ. ಅದು ನಿಜವೇ ಇರಬಹುದು. ಆದರೆ ಎಷ್ಟರ ತನಕ "ಹಂಗೇ"? ಯಾವ ನಡುಕ ಎಂಜಿನ್ನಿನ ಗುಣ, ಯಾವುದು ಕೆಟ್ಟಿದ್ದು, ಅದನ್ನು ನಾವು ಸವಾರರೇ ಕಂಡುಹಿಡಿಯುವುದು ಹೇಗೆ? ಗೊತ್ತಿದ್ದವರು ಹೇಳಿ.

ಮಲ್ನಾಡ್ ಘಾಟಿ

ಗುರುಗಳೇ, ಸುಮ್ನೆ ದುಡ್ಡು ಸುರಿಯಬೇಡಿ. ಹಳೆ ಯುಸಿಇಯಲ್ಲಿ ನಡುಕ ತಗ್ಗಿಸಲು ಎಂಜಿನ್ ಒಳಗೆ ತಿರುಗುವ ತೂಕ, ಅಂದರೆ ಬ್ಯಾಲೆನ್ಸರ್ ಶಾಫ್ಟೇ ಇಲ್ಲ. 2020ರ ನವೆಂಬರಿನಲ್ಲಿ ಮೀಟಿಯರ್ ಬಂತಲ್ಲ, ಅದರ ಜೆ ಸೀರೀಸ್ ಎಂಜಿನ್ನಿನಲ್ಲಿ ಇದೆ. 2021ರಲ್ಲಿ ಕ್ಲಾಸಿಕ್‌ಗೂ 2023ರಲ್ಲಿ ಬುಲೆಟ್‌ಗೂ ಅದೇ ಎಂಜಿನ್ ಬಂತು. ಒಮ್ಮೆ ಓಡಿಸಿ ನೋಡಿ, 90ರಲ್ಲೂ ಕನ್ನಡಿ ಸ್ವಚ್ಛ ಕಾಣುತ್ತದೆ. ನಿಮ್ಮದನ್ನು ಕೊಟ್ಟು ಹೊಸದು ತಗೊಳ್ಳಿ.

ಪಾನಾ ಪೆಟ್ಟಿಗೆ (ದಾವಣಗೆರೆ)

ಮಾರುವ ಮಾತು ಆಮೇಲೆ. ಅವರು ಹೇಳಿದ್ದನ್ನು ಸರಿಯಾಗಿ ಓದಿ. ಮೊದಲು 80ಕ್ಕೆ ಬರುತ್ತಿದ್ದದ್ದು ಈಗ 60ಕ್ಕೆ ಬರುತ್ತಿದೆ, ಅದೂ ಎಂಜಿನ್ ಇಳಿಸಿ ಕಟ್ಟಿದ ಮೇಲೆ. ಎಂಜಿನ್ನಿನ ಹುಟ್ಟುಗುಣ ಒಂದೇ ದಿನದಲ್ಲಿ ಬದಲಾಗುವುದಿಲ್ಲ. ಕಟ್ಟುವಾಗ ಏನೋ ಆಗಿದೆ. ಗ್ಯಾರೇಜಿನಲ್ಲಿ ನನಗೂ ಇಂಥ ಗಾಡಿಗಳು ಬರುತ್ತವೆ. ಹತ್ತಕ್ಕೆ ಏಳೆಂಟು ಸಲ ಕೆಲಸ ಎಂಜಿನ್ ಒಳಗೆ ಇರುವುದಿಲ್ಲ, ಹೊರಗೆ ಇರುತ್ತದೆ.

ಹುಬ್ಳಿ ಅಣ್ಣ, ಯಾವುದಕ್ಕೂ ಕೈ ಹಾಕುವ ಮುಂಚೆ ಈ ಪರೀಕ್ಷೆ ಮಾಡಿ. ಗಾಡಿಗೆ ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್ ಬಿಸಿಯಾದ ಮೇಲೆ ಆಕ್ಸಿಲರೇಟರ್ ನಿಧಾನವಾಗಿ ಏರಿಸಿ. ರಸ್ತೆಯಲ್ಲಿ ಬರುವ ಅದೇ ಅದುರು ನಿಂತಲ್ಲೇ ಬಂದರೆ ಅದು ಎಂಜಿನ್ ಕಡೆಯದು. ನಿಂತಾಗ ಬರದಿದ್ದರೆ ಖಾಲಿ ರಸ್ತೆ ನೋಡಿ 60ರಲ್ಲಿ ಹೋಗುತ್ತಾ ಕ್ಲಚ್ ಹಿಡಿದು ಆಕ್ಸಿಲರೇಟರ್ ಬಿಡಿ. ಗಾಡಿ ಅದೇ ಸ್ಪೀಡಿನಲ್ಲಿ ತೇಲುತ್ತಿರುತ್ತದೆ, ಎಂಜಿನ್ ಐಡ್ಲಿಂಗಿಗೆ ಇಳಿದಿರುತ್ತದೆ. ಅದುರು ಆಗಲೂ ಇದ್ದರೆ ಚಕ್ರ, ಟೈರ್, ಚೈನ್, ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಇವುಗಳ ಮೇಲೆ ಅನುಮಾನ. ಮಾಯವಾದರೆ ಎಂಜಿನ್ ಇಲ್ಲವೇ ಅದನ್ನು ಹಿಡಿದಿರುವ ಬೋಲ್ಟು. ಇನ್ನೊಂದು: ಅದೇ 60ನ್ನು ನಾಲ್ಕನೇ ಗೇರಲ್ಲೂ ಐದನೇ ಗೇರಲ್ಲೂ ಓಡಿಸಿ. ಗೇರ್ ಬದಲಾದಾಗ ಅದುರು ಬದಲಾದರೆ ಅದು ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದು) ಜೊತೆ ಓಡುವ ಅದುರು, ಸ್ಪೀಡ್ ಜೊತೆ ಓಡುವುದಲ್ಲ.

ಇನ್ನೊಂದು ಹೇಳಿ. ಹಾಕಿದ ಪಿಸ್ಟನ್ ಕಂಪನಿಯದಾ, ಬೇರೆಯದಾ?

ಲೆಕ್ಕದ ಮೇಷ್ಟ್ರು

ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ವಿಭಾಗದಲ್ಲಿ ಪಾಠ ಮಾಡುತ್ತೇನೆ. ಈ ವಿಷಯ ಮಕ್ಕಳಿಗೆ ಹೇಳುವಾಗ ನನಗೇ ಖುಷಿಯಾಗುತ್ತದೆ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಪಿಸ್ಟನ್ ಮೇಲಿನ ತುದಿ ಮುಟ್ಟಿದಾಗ ಒಂದು ಕ್ಷಣ ನಿಲ್ಲುತ್ತದೆ. ಮತ್ತೆ ಕೆಳಕ್ಕೆ ಓಡುತ್ತದೆ, ಅಲ್ಲೂ ನಿಲ್ಲುತ್ತದೆ. ಹೀಗೆ ನಿಲ್ಲಿಸಿ ಓಡಿಸುವ ಬಲವನ್ನು ಕೊಡುವುದು ಕ್ರ್ಯಾಂಕ್, ಅಂದರೆ ಪಿಸ್ಟನ್‌ಗೆ ಕನೆಕ್ಟಿಂಗ್ ರಾಡಿನಿಂದ ಸೇರಿದ, ಸುತ್ತುವ ಶಾಫ್ಟ್. ಕೊಟ್ಟ ಬಲದ ಎದುರೇಟು ಬೇರಿಂಗ್ ಮೂಲಕ ಎಂಜಿನ್ ಕೇಸಿಗೆ, ಅಲ್ಲಿಂದ ಬೋಲ್ಟುಗಳ ಮೂಲಕ ಚಾಸಿಗೆ, ಅಲ್ಲಿಂದ ನಿಮ್ಮ ಕೈಗೂ ಪಾದಕ್ಕೂ.

ಎಷ್ಟು ಬಲ? ಯುಸಿಇ 350ರ ಬೋರ್ (ಸಿಲಿಂಡರಿನ ಅಗಲ) 70 ಮಿ.ಮೀ, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 90 ಮಿ.ಮೀ. ಅಂದರೆ ಕ್ರ್ಯಾಂಕ್ ತಿರುಗುವ ವೃತ್ತದ ತ್ರಿಜ್ಯ ಅದರ ಅರ್ಧ, 45 ಮಿ.ಮೀ. ಪಿಸ್ಟನ್, ಪಿನ್, ಕನೆಕ್ಟಿಂಗ್ ರಾಡಿನ ಮೇಲಿನ ಭಾಗ ಎಲ್ಲ ಸೇರಿ ಅರ್ಧ ಕೆಜಿ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. 3000 ಆರ್‌ಪಿಎಂನಲ್ಲಿ ಬಲ ಸುಮಾರು 2200 ನ್ಯೂಟನ್. 4500ಕ್ಕೆ ಏರಿಸಿದರೆ ಸುಮಾರು 5000 ನ್ಯೂಟನ್. ಅಂದರೆ ಆ ಅರ್ಧ ಕೆಜಿ ಪಿಸ್ಟನ್ ತುದಿ ಮುಟ್ಟಿದಾಗಲೆಲ್ಲ 500 ಕೆಜಿ ಭಾರ ತೂಗಿದ ಹಾಗೆ ಎಳೆಯುತ್ತದೆ, ಸೆಕೆಂಡಿಗೆ 75 ಸಲ. ಆರ್‌ಪಿಎಂ ಒಂದೂವರೆ ಪಟ್ಟು ಆಯಿತು, ಬಲ ಎರಡೂಕಾಲು ಪಟ್ಟು ಆಯಿತು. ಬಲ ಏರುವುದು ವೇಗದ ವರ್ಗದ ಲೆಕ್ಕದಲ್ಲಿ. 70ರಲ್ಲಿ ಆರಾಮ, 85ರಲ್ಲಿ ಸಾಕಪ್ಪಾ ಅನ್ನಿಸುವುದು ಇದಕ್ಕೇ.

ಇದಕ್ಕೆ ಮೊದಲ ಉಪಾಯ ಕ್ರ್ಯಾಂಕಿನ ಇನ್ನೊಂದು ಬದಿಗೆ ತೂಕ ಇಡುವುದು. ಪಿಸ್ಟನ್ ಮೇಲೆ ಹೋದಾಗ ತೂಕ ಕೆಳಗೆ ಹೋಗುತ್ತದೆ, ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಆದರೆ ಪಿಸ್ಟನ್ ಹೋಗುವುದು ನೇರ ಗೆರೆಯಲ್ಲಿ, ತೂಕ ತಿರುಗುವುದು ವೃತ್ತದಲ್ಲಿ. ಪಿಸ್ಟನ್ ನಡುವಿನಲ್ಲಿ ಇದ್ದಾಗ ಆ ತೂಕ ಮುಂದಕ್ಕೋ ಹಿಂದಕ್ಕೋ ಎಳೆಯುತ್ತದೆ, ಅದನ್ನು ತಡೆಯಲು ಅಲ್ಲಿ ಯಾರೂ ಇಲ್ಲ. ಪೂರ್ತಿ ತೂಕ ಇಟ್ಟರೆ ಮೇಲೆ ಕೆಳಗಿನ ನಡುಕ ಹೋಗಿ ಹಿಂದೆ ಮುಂದಿನ ನಡುಕ ಅಷ್ಟೇ ದೊಡ್ಡದಾಗಿ ಬರುತ್ತದೆ. ಹಾಗಾಗಿ ಸಾಮಾನ್ಯವಾಗಿ ಅರ್ಧದ ಆಸುಪಾಸಿನಲ್ಲಿ ನಿಲ್ಲಿಸುತ್ತಾರೆ. ಎರಡೂ ದಿಕ್ಕಿನಲ್ಲಿ ಅರ್ಧರ್ಧ ಉಳಿಯುತ್ತದೆ. ಹಳೆಯ ಬುಲೆಟ್ ಇರಲಿ, ಆ ಕಾಲದ ಬೇರೆ ದೊಡ್ಡ ಸಿಂಗಲ್‌ಗಳಿರಲಿ, ಕತೆ ಇಷ್ಟೇ.

ಬ್ಯಾಲೆನ್ಸರ್ ಶಾಫ್ಟ್ ಬರುವುದು ಇಲ್ಲಿ. ಕ್ರ್ಯಾಂಕಿಗೆ ಅರ್ಧ ತೂಕ ಇಟ್ಟಾಗ ಉಳಿಯುವ ಬಲ ಒಂದೇ ಗಾತ್ರದ್ದು, ಕ್ರ್ಯಾಂಕಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತದೆ. ಅದರ ಎದುರು ಅಷ್ಟೇ ಬಲ ಹುಟ್ಟಿಸುವ ತೂಕದ ಶಾಫ್ಟನ್ನು ಅದೇ ಹಿಮ್ಮುಖ ದಿಕ್ಕಿನಲ್ಲಿ, ಅದೇ ವೇಗದಲ್ಲಿ ತಿರುಗಿಸಿದರೆ ಮುಗಿಯಿತು, ಎರಡೂ ಒಂದನ್ನೊಂದು ತಿಂದುಹಾಕುತ್ತವೆ. ಇದನ್ನು ಮೊದಲ ಸಲ ಬೋರ್ಡಿನ ಮೇಲೆ ಬಿಡಿಸಿದಾಗ ತರಗತಿಯಲ್ಲಿ ಯಾರಾದರೂ ಒಬ್ಬರು "ಇಷ್ಟೇನಾ ಸರ್?" ಅಂತಾರೆ. ಹೌದು, ಇಷ್ಟೇ. ಇಷ್ಟಾದರೂ ಪೂರ್ತಿ ಸೊನ್ನೆ ಆಗುವುದಿಲ್ಲ. ಕನೆಕ್ಟಿಂಗ್ ರಾಡ್ ಓರೆಯಾಗುವುದರಿಂದ ಪಿಸ್ಟನ್ ಮೇಲಿನ ತುದಿಯಲ್ಲಿ ಜಾಸ್ತಿ ಚುರುಕಾಗಿ, ಕೆಳಗಿನ ತುದಿಯಲ್ಲಿ ಸ್ವಲ್ಪ ನಿಧಾನವಾಗಿ ತಿರುಗುತ್ತದೆ. ಇದರಿಂದ ಹುಟ್ಟುವ ಇನ್ನೊಂದು ನಡುಕ ಎರಡು ಪಟ್ಟು ವೇಗದ್ದು, ಮೊದಲನೆಯದರ ಸುಮಾರು ಕಾಲು ಭಾಗದಷ್ಟು. ಕ್ರ್ಯಾಂಕ್ ವೇಗದಲ್ಲಿ ತಿರುಗುವ ಬ್ಯಾಲೆನ್ಸರ್ ಇದನ್ನು ಮುಟ್ಟಲಾರದು. ಬ್ಯಾಲೆನ್ಸರ್ ಇರುವ ಬೈಕಲ್ಲೂ ಮೇಲಿನ ಆರ್‌ಪಿಎಂನಲ್ಲಿ ಸಣ್ಣಗೆ ಝುಂ ಅನ್ನುತ್ತದಲ್ಲ, ಅದರಲ್ಲಿ ಇದರ ಪಾಲೂ ಇದೆ.

ಮೈಸೂರು ಜಾವಾ

ಮೇಷ್ಟ್ರೇ, ಬಹಳ ಚೆನ್ನಾಗಿ ಹೇಳಿದಿರಿ. ನಮ್ಮ ಮನೆಯಲ್ಲಿ ತಂದೆಯವರ ಕಾಲದ ಯೆಜ್ಡಿ ಇದೆ, ಯಾದವಗಿರಿಯ ಕಾರ್ಖಾನೆಯಲ್ಲಿ ಹುಟ್ಟಿದ್ದು. 250 ಸಿಸಿ, ಸೈಲೆನ್ಸರ್ ಎರಡು ಇದ್ದರೂ ಸಿಲಿಂಡರ್ ಒಂದೇ. ನಿಧಾನಕ್ಕೆ ಓಡಿಸಿದರೆ ಬುಲೆಟ್ಟಿಗಿಂತ ನಯವಾಗಿರುತ್ತದೆ. ಅದರಲ್ಲೂ ಬ್ಯಾಲೆನ್ಸರ್ ಇಲ್ಲ. ಹಾಗಾದರೆ ಯಾಕೆ?

ಲೆಕ್ಕದ ಮೇಷ್ಟ್ರು

ಎರಡು ಕಾರಣ. ಒಂದು, ಅದರ ಬೋರ್ 65, ಸ್ಟ್ರೋಕ್ 75 ಮಿ.ಮೀ. ಪಿಸ್ಟನ್ ಸಣ್ಣದು, ಓಡುವ ದೂರವೂ ಕಡಿಮೆ. ಅದೇ ಆರ್‌ಪಿಎಂನಲ್ಲಿ ಬಲ ಸಾಕಷ್ಟು ತಗ್ಗುತ್ತದೆ. ಎರಡನೆಯದು ಟೂ ಸ್ಟ್ರೋಕ್ ಅನ್ನುವುದು. ಅಲ್ಲಿ ಕ್ರ್ಯಾಂಕಿನ ಪ್ರತಿ ಸುತ್ತಿಗೂ ಒಂದು ಸಿಡಿತ, ಫೋರ್ ಸ್ಟ್ರೋಕಿನಲ್ಲಿ ಎರಡು ಸುತ್ತಿಗೆ ಒಂದು. ಐಡ್ಲಿಂಗ್ ಸುಮಾರು 1000 ಆರ್‌ಪಿಎಂ ಇದ್ದರೆ ಬುಲೆಟ್ ಸೆಕೆಂಡಿಗೆ ಎಂಟು ಸಲ ಮಾತ್ರ ತಳ್ಳುತ್ತದೆ. ನಡುವಿನ ಖಾಲಿ ಹೊತ್ತನ್ನು ದೊಡ್ಡ ಫ್ಲೈವೀಲ್ (ಕ್ರ್ಯಾಂಕಿನ ಜೊತೆ ಸುತ್ತುವ ಭಾರದ ಚಕ್ರ) ತುಂಬಬೇಕು. ಜನ ಡುಗ್ ಡುಗ್ ಅಂತ ಪ್ರೀತಿಸುವುದು ಈ ತಳ್ಳುವಿಕೆಯನ್ನು. ಅದು ಕಡಿಮೆ ವೇಗದ್ದು, ಕೈಗೆ ನೋವು ಕೊಡುವುದಿಲ್ಲ. ಮೇಲಿನ ಆರ್‌ಪಿಎಂನ ಗುಂಯ್ ಬೇರೆ, ಅದು ತೂಕದ ಹೊಯ್ದಾಟ. ಇವೆರಡನ್ನೂ ಒಂದೇ ಹೆಸರಲ್ಲಿ ಕರೆಯುವುದರಿಂದಲೇ ಚರ್ಚೆಗಳು ದಾರಿ ತಪ್ಪುತ್ತವೆ. "ಬುಲೆಟ್ ವೈಬ್ರೇಶನ್ ಇಷ್ಟ" ಅನ್ನುವವರು ಮೊದಲನೆಯದರ ಬಗ್ಗೆ ಹೇಳುತ್ತಿರುತ್ತಾರೆ, "ಕಷ್ಟ" ಅನ್ನುವವರು ಎರಡನೆಯದರ ಬಗ್ಗೆ.

ಕುಡ್ಲ ರೈಡರ್

ನಾನು 390 ಡ್ಯೂಕ್ ಓಡಿಸುತ್ತೇನೆ, ಹಳೆಯ 373 ಸಿಸಿ ಎಂಜಿನ್. ಅದೂ ಸಿಂಗಲ್. 9000 ಆರ್‌ಪಿಎಂ ತನಕ ಹೋಗುತ್ತದೆ, ಆದರೂ ಯುಸಿಇ ಹಾಗೆ ಕೈ ಮರಗಟ್ಟುವುದಿಲ್ಲ. ಸ್ಟ್ರೋಕ್ ಸಣ್ಣದು ಅಂತಲಾ?

ಲೆಕ್ಕದ ಮೇಷ್ಟ್ರು

ಸ್ಟ್ರೋಕ್ 60 ಮಿ.ಮೀ, ಹೌದು ಮೇಡಂ, ಸಣ್ಣದೇ. ಆದರೆ 9000 ಆರ್‌ಪಿಎಂ ಅಂದರೆ ವೇಗದ ವರ್ಗ ಎಲ್ಲಿಗೋ ಹೋಗುತ್ತದೆ. ಓಡಾಡುವ ತೂಕ ಕಾಲು ಕೆಜಿ ಅಂತ ಇಟ್ಟರೂ 6600 ನ್ಯೂಟನ್ ದಾಟುತ್ತದೆ. ಬ್ಯಾಲೆನ್ಸರ್ ಇಲ್ಲದಿದ್ದರೆ ಆ ಎಂಜಿನ್ನನ್ನು ಆ ಆರ್‌ಪಿಎಂನಲ್ಲಿ ಹೆದ್ದಾರಿಯಲ್ಲಿ ಓಡಿಸಲು ಯಾರಿಗೂ ಆಗುತ್ತಿರಲಿಲ್ಲ. ನಿಮ್ಮ ಕೈ ಉಳಿಸಿರುವುದು ಬ್ಯಾಲೆನ್ಸರ್.

ಈ ಬ್ಯಾಲೆನ್ಸರ್ ವಿಷಯದಲ್ಲಿ ಎಂಜಿನಿಯರುಗಳು ಎಂತೆಂಥ ದಾರಿ ಹಿಡಿದಿದ್ದಾರೆ ನೋಡಿ. ಡುಕಾಟಿ 1993ರ ಸೂಪರ್‌ಮೋನೊ ರೇಸ್ ಬೈಕಿನಲ್ಲಿ ಸಿಲಿಂಡರ್ ಒಂದೇ, ಕನೆಕ್ಟಿಂಗ್ ರಾಡ್ ಎರಡು. ಎರಡನೆಯದರ ತುದಿಯಲ್ಲಿ ಪಿಸ್ಟನ್ ಇಲ್ಲ, ಅದನ್ನು ಒಂದು ಲಿವರಿಗೆ ಕಟ್ಟಿದ್ದಾರೆ. ಇಲ್ಲದ ಎರಡನೇ ಸಿಲಿಂಡರಿನ ಕೆಲಸವನ್ನು ಆ ರಾಡ್ ಮಾಡುತ್ತದೆ. ನನಗೆ ಬಹಳ ಇಷ್ಟವಾದ ಎಂಜಿನ್ ಅದು. ಹೋಂಡಾ 2020ರ ಸಿಬಿ350ರಲ್ಲಿ ಇನ್ನೊಂದು ದಾರಿ ಹಿಡಿಯಿತು. ಮಾಮೂಲಿ ಬ್ಯಾಲೆನ್ಸರ್ ಒಂದರ ಜೊತೆಗೆ ಗೇರ್‌ಬಾಕ್ಸಿನ ಮೇನ್ ಶಾಫ್ಟಿನ ಮೇಲೇ ಇನ್ನೊಂದನ್ನು ಕೂರಿಸಿತು. ಬ್ಯಾಲೆನ್ಸರ್ ಕ್ರ್ಯಾಂಕಿನಿಂದ ದೂರ ಒಂದೇ ಕಡೆ ಕೂತರೆ ಎಂಜಿನ್ನನ್ನು ತಿರುಚುವ ಸಣ್ಣ ಅಲುಗಾಟವೊಂದು ಹುಟ್ಟುತ್ತದೆ, ಅದನ್ನು ತಗ್ಗಿಸುವ ಉಪಾಯ ಇದು. ಅದರ ಸ್ಟ್ರೋಕ್ ಯುಸಿಇಗಿಂತ ಕೂದಲೆಳೆ ಜಾಸ್ತಿಯೇ, 90.5 ಮಿ.ಮೀ. ಉದ್ದ ಸ್ಟ್ರೋಕ್ ಅಂದಮಾತ್ರಕ್ಕೆ ನಡುಗಲೇಬೇಕು ಅಂತಿಲ್ಲ ಅನ್ನುವುದಕ್ಕೆ ಇದೇ ಸಾಕ್ಷಿ.

ಕುಡ್ಲ ರೈಡರ್

ಥ್ಯಾಂಕ್ಸ್ ಸರ್. ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಹ್ಯಾಂಡಲ್ ಮೇಲೆ ಮೊಬೈಲ್ ಕಟ್ಟಿ ಮ್ಯಾಪ್ ನೋಡುವವರು ತುಂಬಾ ಜನ ಇದ್ದೀರಿ. 2021ರ ಸೆಪ್ಟೆಂಬರಿನಲ್ಲಿ ಆಪಲ್ ಕಂಪನಿಯೇ ಸೂಚನೆ ಹಾಕಿತ್ತು: ದೊಡ್ಡ ಎಂಜಿನ್ನಿನ ಬೈಕುಗಳ ಜೋರು ಕಂಪನ ಐಫೋನ್ ಕ್ಯಾಮೆರಾದ ಒಳಗಿನ ಚಲಿಸುವ ಲೆನ್ಸ್ ಭಾಗಕ್ಕೆ ಹಾನಿ ಮಾಡಬಹುದು, ಹಾಗೆ ನೇರ ಕಟ್ಟಬೇಡಿ ಅಂತ. ಸಣ್ಣ ಗಾಡಿಗಳಿಗೂ ಕಂಪನ ಹೀರುವ ಮೌಂಟ್ ಹಾಕಿ ಅಂತ ಹೇಳಿದ್ದರು. ಬೇರೆ ಕಂಪನಿಯ ಫೋನುಗಳಲ್ಲೂ ಅಂಥ ಲೆನ್ಸ್ ಇರುತ್ತದೆ. ನಾನು ಫೋನನ್ನು ಜೇಬಲ್ಲಿಟ್ಟು ಕಿವಿಯಲ್ಲಿ ದಾರಿ ಕೇಳಿಸಿಕೊಳ್ಳುತ್ತೇನೆ.

ಮಲ್ನಾಡ್ ಘಾಟಿ

ಮೇಷ್ಟ್ರು ಹೇಳಿದ್ದು ಓದಿದ ಮೇಲೆ ಅನ್ನಿಸಿತು, ಆರ್‌ಪಿಎಂ ಇಳಿಸಿದರೆ ಸಾಕಲ್ವಾ? ಮುಂದಿನ ಸ್ಪ್ರಾಕೆಟಿಗೆ ಒಂದು ಹಲ್ಲು ಜಾಸ್ತಿ ಹಾಕಿಸಿದವರು ನಮ್ಮ ಕಡೆ ಇದ್ದಾರೆ. ಇನ್ನು ಕೆಲವರು ಎಂಜಿನ್ ಮತ್ತು ಚಾಸಿ ನಡುವೆ ರಬ್ಬರ್ ಬುಷ್ ಹಾಕಿಸುತ್ತಾರೆ. ಹ್ಯಾಂಡಲ್ ತುದಿಗೆ ಭಾರದ ಬಾರ್ ಎಂಡ್ ಕೂಡ ಸಿಗುತ್ತದೆ. ಇವುಗಳಲ್ಲಿ ಯಾವುದು ನಿಜಕ್ಕೂ ಕೆಲಸ ಮಾಡುತ್ತದೆ?

ಪಾನಾ ಪೆಟ್ಟಿಗೆ (ದಾವಣಗೆರೆ)

ಸ್ಪ್ರಾಕೆಟ್ ಬದಲಿಸಿದರೆ ಅದೇ ಸ್ಪೀಡಿಗೆ ಆರ್‌ಪಿಎಂ ಐದಾರು ಪರ್ಸೆಂಟ್ ಇಳಿಯುತ್ತದೆ, ಹೆದ್ದಾರಿಯಲ್ಲಿ ಗೊತ್ತಾಗುತ್ತದೆ. ಆದರೆ ಚಾರ್ಮಾಡಿ, ಆಗುಂಬೆ ಹತ್ತುವವರಿಗೆ ಬೇಡ. ಹಿಂದೆ ಜನ ಕೂತಿದ್ದರೆ ಗೇರ್ ಎಳೆಯುವುದಿಲ್ಲ, ಲೋಡ್ ಮೇಲೆ ಗುದ್ದಲು ಶುರುವಾಗುತ್ತದೆ. ಹಾಗೆ ಒದ್ದಾಡಿಸಿ ಓಡಿಸಿದರೆ ಚೈನು, ಹಿಂದಿನ ಡ್ರಮ್ ರಬ್ಬರ್ ಎರಡೂ ಬೇಗ ಸವೆಯುತ್ತವೆ.

ರಬ್ಬರ್ ಬುಷ್ ವಿಷಯದಲ್ಲಿ ನನ್ನ ಮಾತು ಖಡಕ್. ಆ ಗಾಡಿಯ ಎಂಜಿನ್ ಚಾಸಿಯ ಒಂದು ಭಾಗ. ಮುಂದಿನ ಪೈಪು ಎಂಜಿನ್ನಿಗೆ ಬಂದು ನಿಲ್ಲುತ್ತದೆ, ಅಲ್ಲಿಂದ ಮುಂದೆ ಎಂಜಿನ್ನೇ ಚಾಸಿಯನ್ನು ಹಿಡಿದಿರುತ್ತದೆ. ಅಲ್ಲಿ ರಬ್ಬರ್ ತುರುಕಿದರೆ ಗಾಡಿಯ ಬಿಗಿಯೇ ಹೋಗುತ್ತದೆ, ತಿರುವಿನಲ್ಲಿ ಹಿಂದಿನ ಚಕ್ರ ಬೇರೆ ದಾರಿ ಹಿಡಿದ ಹಾಗಾಗುತ್ತದೆ. ಯಾರು ಹೇಳಿದರೂ ಮಾಡಿಸಬೇಡಿ.

ಲೆಕ್ಕದ ಮೇಷ್ಟ್ರು

ಪೂರ್ತಿ ಒಪ್ಪುತ್ತೇನೆ. ರಬ್ಬರ್ ಮೌಂಟಿಂಗ್ ಕೆಟ್ಟದ್ದಲ್ಲ, ಆದರೆ ಚಾಸಿಯನ್ನು ಮೊದಲಿನಿಂದ ಅದಕ್ಕೆಂದೇ ಕಟ್ಟಿರಬೇಕು. ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿರುವುದಿಲ್ಲ. ರಬ್ಬರ್ ಮೇಲೆ ಕೂತ ಯಾವ ತೂಕಕ್ಕೂ ಅದರದೇ ಒಂದು ಕಂಪನದ ವೇಗ ಇರುತ್ತದೆ. ಎಂಜಿನ್ನಿನ ಕಂಪನ ಅದರ 1.4 ಪಟ್ಟು ದಾಟಿದ ಮೇಲೆ ಮಾತ್ರ ರಬ್ಬರ್ ನಡುಕ ತಡೆಯುತ್ತದೆ. ಅದಕ್ಕಿಂತ ಕೆಳಗೆ ತಡೆಯುವುದಿಲ್ಲ, ಹೆಚ್ಚಿಸುತ್ತದೆ! ಎರಡೂ ವೇಗ ಒಂದೇ ಆದಾಗಲಂತೂ ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳುತ್ತಾ ಹೋದ ಹಾಗೆ, ಸಣ್ಣ ತಳ್ಳುವಿಕೆಗೂ ದೊಡ್ಡ ತೂಗಾಟ. ತಪ್ಪು ಗಟ್ಟಿತನದ ರಬ್ಬರ್ ಹಾಕಿದರೆ ಮೊದಲು ಇಲ್ಲದ ನಡುಕ 50ರಲ್ಲೇ ಬರಬಹುದು.

ಕನ್ನಡಿ, ಹ್ಯಾಂಡಲ್‌ಗಳಿಗೂ ಇದೇ ಲೆಕ್ಕ. 70ರಲ್ಲಿ ಮಸುಕಾದ ಕನ್ನಡಿ 80ರಲ್ಲಿ ಸರಿಹೋದರೆ ಅದು ಕನ್ನಡಿ ಕಡ್ಡಿಯ ಸ್ವಂತ ಕಂಪನ. ಬಾರ್ ಎಂಡ್ ತೂಕ ನಡುಕವನ್ನು ನುಂಗುವುದಿಲ್ಲ. ಹ್ಯಾಂಡಲಿನ ಸ್ವಂತ ಕಂಪನದ ವೇಗವನ್ನು ಕೆಳಕ್ಕೆ ತಳ್ಳುತ್ತದೆ, ನೀವು ಜಾಸ್ತಿ ಓಡಿಸುವ ಸ್ಪೀಡಿನಿಂದ ಅದು ಆಚೆ ಹೋದರೆ ಲಾಭ. ಕೆಲವರಿಗೆ ಹಿಡಿಸುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ಅವರವರು ಓಡಿಸುವ ಸ್ಪೀಡ್ ಬೇರೆ ಬೇರೆ, ಅದಕ್ಕೆ.

ಕೈ ಕಾಲು ಡಾಕ್ಟರಮ್ಮ

ನಾನು ಫಿಸಿಯೋಥೆರಪಿಸ್ಟ್, ಸ್ವತಃ ಬೈಕ್ ಓಡಿಸುತ್ತೇನೆ. ಇಷ್ಟೊತ್ತು ಎಂಜಿನ್ ಬಗ್ಗೆಯೇ ಮಾತಾಯಿತು, ಕೈ ಬಗ್ಗೆ ಯಾರೂ ಹೇಳಲಿಲ್ಲ.

ಬೈಕ್ ಇಳಿದ ಮೇಲೆ ಸ್ವಲ್ಪ ಹೊತ್ತು ಜೋಮು ಹಿಡಿದು ಆಮೇಲೆ ಸರಿಹೋಗುವುದು ಬಹಳ ಜನರಿಗೆ ಆಗುತ್ತದೆ. ಆದರೆ ಯಾವ ಬೆರಳು ಅನ್ನುವುದನ್ನು ಗಮನಿಸಿ. ಕಿರುಬೆರಳು, ಉಂಗುರದ ಬೆರಳು ಮರಗಟ್ಟಿದರೆ ಅಂಗೈ ಅಂಚಿನಲ್ಲಿ ಹೋಗುವ ನರದ ಮೇಲೆ ಒತ್ತಡ, ಮೈಭಾರವನ್ನು ಹ್ಯಾಂಡಲ್ ಮೇಲೆ ಹಾಕಿ ಕೂರುವವರಿಗೆ ಆಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟಿ ರಾತ್ರಿ ನಿದ್ದೆಯಿಂದ ಎಚ್ಚರವಾಗುವಂತಿದ್ದರೆ ಮಣಿಕಟ್ಟಿನ ನಡುವಿನ ನರ. ಅಂಥವರು ಡಾಕ್ಟರಿಗೆ ತೋರಿಸಿ, ತಡ ಮಾಡಬೇಡಿ. ಚಳಿಯಲ್ಲಿ ಬೆರಳ ತುದಿ ಬಿಳಿಚಿಕೊಳ್ಳುತ್ತಿದ್ದರೂ ಅಷ್ಟೇ. ಕಲ್ಲು ಕೊರೆಯುವ ಮೆಷಿನ್, ಗ್ರೈಂಡರ್ ಹಿಡಿದು ವರ್ಷಗಟ್ಟಲೆ ಕೆಲಸ ಮಾಡಿದವರಲ್ಲಿ ಇದು ಗೊತ್ತಿರುವ ಕಾಯಿಲೆ. ಯುರೋಪಿನಲ್ಲಿ 2002ರ ನಿಯಮವೊಂದು ಕೈಗೆ ತಗಲುವ ಕಂಪನಕ್ಕೆ ಮಿತಿ ಹಾಕಿದೆ. ಎಂಟು ಗಂಟೆಯ ಕೆಲಸದ ಲೆಕ್ಕದಲ್ಲಿ 2.5 ದಾಟಿದರೆ ಮಾಲೀಕರು ಕ್ರಮ ತಗೊಳ್ಳಬೇಕು, 5 ದಾಟುವಂತೆಯೇ ಇಲ್ಲ. ಅಳತೆ ಮೀಟರ್ ಪ್ರತಿ ಸೆಕೆಂಡ್ ವರ್ಗದಲ್ಲಿ. ದಿನವಿಡೀ ಬೈಕ್ ಮೇಲೆಯೇ ಇರುವ ಡೆಲಿವರಿ ಹುಡುಗರ ಕೈ ಬಗ್ಗೆ ಇಲ್ಲಿ ಯಾರು ಯೋಚಿಸುತ್ತಾರೆ ಅನ್ನುವುದು ನನಗೆ ನಿಜಕ್ಕೂ ಕಾಡುವ ವಿಷಯ.

ನೀವೇ ಮಾಡಬಹುದಾದ್ದು: ಹ್ಯಾಂಡಲನ್ನು ಬಿಗಿಯಾಗಿ ಹಿಡಿಯಬೇಡಿ. ಬಿಗಿ ಹಿಡಿದಷ್ಟೂ ನಡುಕ ಮೊಣಕೈ ತನಕ ಏರುತ್ತದೆ. ಮಂಡಿಯಿಂದ ಟ್ಯಾಂಕ್ ಒತ್ತಿ ಹಿಡಿದು ಕೈ ಸಡಿಲ ಬಿಡಿ. ಕ್ಲಚ್ ಕೇಬಲ್ ಗಟ್ಟಿಯಿದ್ದರೆ ಎಣ್ಣೆ ಬಿಡಿಸಿ ಇಲ್ಲವೇ ಬದಲಿಸಿ. ಎಡಗೈ ನೋವಿಗೆ ವೈಬ್ರೇಶನ್ ಅಂತ ಬಂದವರಲ್ಲಿ ಕೆಲವರಿಗೆ ಅಷ್ಟರಿಂದಲೇ ಸರಿಹೋಗಿದೆ.

ಹುಬ್ಳಿ ಸವಾರ

ಇಷ್ಟೊಂದು ವಿಷಯ ಒಂದೇ ಕಡೆ ಸಿಗುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ.

ಪಾನಾ ಅಣ್ಣ, ಪರೀಕ್ಷೆ ಮಾಡಿದೆ. ನಿಂತಲ್ಲೇ ರೈಸ್ ಮಾಡಿದರೂ ಅದುರು ಬರುತ್ತದೆ. ಬೈಪಾಸಿನಲ್ಲಿ ಕ್ಲಚ್ ಹಿಡಿದರೆ ಮಾಯ. ನಾಲ್ಕನೇ ಗೇರಲ್ಲಿ 60 ಹೋದರೆ ಇನ್ನೂ ಜೋರು. ಅಂದರೆ ಆರ್‌ಪಿಎಂ ಜೊತೆಯೇ ಬರುತ್ತಿದೆ. ಪಿಸ್ಟನ್ ಕಂಪನಿಯದೇ, ಓವರ್‌ಸೈಜ್. ಪೆಟ್ಟಿಗೆ ಇಟ್ಟುಕೊಂಡಿದ್ದೇನೆ.

ಪಾನಾ ಪೆಟ್ಟಿಗೆ (ದಾವಣಗೆರೆ)

ಒಳ್ಳೆಯದಾಯಿತು. ಪಿಸ್ಟನ್ ಕೇಳಿದ್ದು ಯಾಕೆ ಅಂದರೆ, ಸಿಕ್ಕಿದ ಕಂಪನಿಯ ಭಾರದ ಪಿಸ್ಟನ್ ಹಾಕಿದರೆ ಕ್ರ್ಯಾಂಕಿನ ತೂಕದ ಲೆಕ್ಕವೇ ತಪ್ಪುತ್ತದೆ. ಅದು ಇಲ್ಲ ಅಂತಾಯಿತು. ಬರೀ ಬೋರ್ ಕೆಲಸ ಅಂದರೆ ಕ್ರ್ಯಾಂಕ್ ಬಿಚ್ಚಿರುವುದಿಲ್ಲ, ಅದರ ಮೇಲೂ ಸದ್ಯಕ್ಕೆ ಅನುಮಾನ ಬೇಡ. ಈಗ ಉಳಿದದ್ದು ಫೌಂಡೇಷನ್ ಬೋಲ್ಟುಗಳು, ಅಂದರೆ ಎಂಜಿನ್ನನ್ನು ಚಾಸಿಗೆ ಹಿಡಿದಿರುವ ಬೋಲ್ಟುಗಳು.

ಹೀಗೆ ಮಾಡಿಸಿ. ಮುಂದಿನ ಬ್ರಾಕೆಟ್, ಹಿಂದಿನ ಉದ್ದ ಬೋಲ್ಟುಗಳು, ಹೆಡ್ಡನ್ನು (ಸಿಲಿಂಡರಿನ ಮೇಲಿನ ಭಾಗ) ಚಾಸಿಗೆ ಕಟ್ಟುವ ಪಟ್ಟಿ, ಎಲ್ಲವನ್ನೂ ನೋಡಬೇಕು. ಸಡಿಲ ಇದ್ದದ್ದನ್ನು ಮಾತ್ರ ತಿರುಗಿಸಿ ಬಿಡುವುದಲ್ಲ. ಎಂಜಿನ್ನಿಗೆ ಜ್ಯಾಕ್ ಆಸರೆ ಕೊಟ್ಟು ಎಲ್ಲ ಬೋಲ್ಟನ್ನೂ ಸಡಿಲ ಮಾಡಬೇಕು. ಎಂಜಿನ್ ತನ್ನ ಜಾಗಕ್ಕೆ ತಾನೇ ಕೂರಬೇಕು. ಬೋಲ್ಟ್ ಕೈಯಲ್ಲಿ ತಳ್ಳಿದರೆ ಒಳಗೆ ಹೋಗಬೇಕು. ಸುತ್ತಿಗೆ ಬೇಕಾದರೆ ಎಂಜಿನ್ ಓರೆ ಕೂತಿದೆ ಅಂತಲೇ ಅರ್ಥ. ಸಂದು ಇದ್ದ ಕಡೆ ವಾಷರ್ ಅಥವಾ ಸ್ಪೇಸರ್ ಇರಬೇಕಿತ್ತು, ಕಟ್ಟಿದವರು ಬಿಟ್ಟಿರುತ್ತಾರೆ. ಸಂದು ಇಟ್ಟುಕೊಂಡು ಬೋಲ್ಟ್ ಎಳೆದರೆ ಚಾಸಿಯ ಕಿವಿ ಬಾಗುತ್ತದೆ, ಆಮೇಲೆ ಅಲ್ಲೇ ಸೀಳು ಬಿಡುತ್ತದೆ. ಎಲ್ಲ ಕೂತ ಮೇಲೆ ಮ್ಯಾನ್ಯುಯಲಿನಲ್ಲಿ ಕೊಟ್ಟ ಟಾರ್ಕಿಗೆ ಟಾರ್ಕ್ ರೆಂಚಿನಲ್ಲೇ ಬಿಗಿಯಬೇಕು. ಹಳೆ ನೈಲಾನ್ ನಟ್ ಮತ್ತೆ ಹಾಕಬೇಡಿ, ಹೊಸದು ಹಾಕಿಸಿ. ಹೆಡ್ ಪಟ್ಟಿ ಕೊನೆಗೆ.

ಹೆಡ್ ಪಟ್ಟಿಯನ್ನು ಬಹಳ ಜನ ಹಗುರವಾಗಿ ತಗೊಳ್ಳುತ್ತಾರೆ. ಎಂಜಿನ್ನಿನ ಕೆಳಗೆ ಎಷ್ಟೇ ಬಿಗಿ ಇದ್ದರೂ ಮೇಲೆ ಹಿಡಿತ ಇಲ್ಲದಿದ್ದರೆ ಅಷ್ಟುದ್ದದ ಸಿಲಿಂಡರ್ ಮೇಲಿನಿಂದ ತೂಗುತ್ತದೆ. ನಿಮ್ಮ ಫುಟ್‌ರೆಸ್ಟ್ ಅದುರಿಗೆ ನನ್ನ ಮೊದಲ ಅನುಮಾನ ಅದರ ಮೇಲೆಯೇ.

ಹುಬ್ಳಿ ಸವಾರ

ಅಣ್ಣ, ನೀವು ಇಲ್ಲೇ ಪಕ್ಕದಲ್ಲಿ ನಿಂತು ನೋಡಿದ ಹಾಗೆ ಹೇಳಿದ್ದೀರಿ. ಬೇರೊಬ್ಬ ಮೆಕ್ಯಾನಿಕ್ ಹತ್ತಿರ ನಿಮ್ಮ ಬರಹ ತೋರಿಸಿಯೇ ಕೆಲಸ ಮಾಡಿಸಿದೆ. ಹೆಡ್ ಪಟ್ಟಿಯ ಒಂದು ಬೋಲ್ಟ್ ಬೆರಳಲ್ಲಿ ತಿರುಗುತ್ತಿತ್ತು. ಹಿಂದಿನ ಕೆಳಗಿನ ಬೋಲ್ಟಿನ ಎಡಗಡೆ ವಾಷರೇ ಇರಲಿಲ್ಲ. ಸಂದಿನ ಅಂಚಿನಲ್ಲಿ ಬಣ್ಣ ಹೋಗಿ ಬರೀ ಲೋಹ ಹೊಳೆಯುತ್ತಿತ್ತು, ಸುತ್ತ ತುಕ್ಕಿನ ಕೆಂಪು ಪುಡಿ. ಎರಡು ಲೋಹ ಉಜ್ಜಿಕೊಂಡರೆ ಹಾಗಾಗುತ್ತದೆ ಅಂತ ಮೆಕ್ಯಾನಿಕ್ ಬೆರಳಲ್ಲಿ ಒರೆಸಿ ತೋರಿಸಿದರು. ಸೀಳು ಬಿಟ್ಟಿರಲಿಲ್ಲ, ಪುಣ್ಯ.

ಈಗ 60ರಲ್ಲಿ ಫುಟ್‌ರೆಸ್ಟ್ ಶಾಂತ. 80 ದಾಟಿದ ಮೇಲೆ ಹಳೆಯ ಗುಂಯ್ ಇದೆ, ಅದು ಹೋಗುವುದಿಲ್ಲ ಅಂತ ಮೇಷ್ಟ್ರ ಲೆಕ್ಕದಿಂದ ಗೊತ್ತಾಯಿತು. ನಾನು ಓಡಿಸುವುದೇ 70–75ರಲ್ಲಿ, ಹಾಗಾಗಿ ಮಾರುವ ಯೋಚನೆ ಇಲ್ಲ. ನಂಬರ್ ಪ್ಲೇಟಿಗೆ ಹಿಂದೆ ರಬ್ಬರ್ ವಾಷರ್ ಹಾಕಿಸಿದ್ದೇನೆ.

ಬಯಲುಸೀಮೆ 200

ಕ್ಷಮಿಸಿ, ಇದೇ ಎಳೆಯಲ್ಲಿ ಕೇಳುತ್ತೇನೆ. ನನ್ನದು 200 ಸಿಸಿ ಸಿಂಗಲ್, ಬ್ಯಾಲೆನ್ಸರ್ ಇರುವ ಎಂಜಿನ್. ಕ್ರ್ಯಾಂಕ್ ಬೇರಿಂಗ್ ಸದ್ದು ಮಾಡುತ್ತಿತ್ತು ಅಂತ ಎಂಜಿನ್ ಪೂರ್ತಿ ಬಿಚ್ಚಿಸಿ ಕಟ್ಟಿಸಿದೆ. ಸದ್ದು ಹೋಯಿತು, ಆದರೆ 5000 ದಾಟಿದರೆ ಮೊದಲು ಇಲ್ಲದ ಝುಂ. ಫೌಂಡೇಷನ್ ಬೋಲ್ಟ್ ಎಲ್ಲ ಟಾರ್ಕ್ ರೆಂಚಿನಲ್ಲೇ ಬಿಗಿದಿದೆ, ನಾನೇ ನಿಂತು ನೋಡಿದ್ದೇನೆ.

ಪಾನಾ ಪೆಟ್ಟಿಗೆ (ದಾವಣಗೆರೆ)

ಹಾಗಾದರೆ ಚುಕ್ಕೆ ನೋಡಿಸಿ. ಕ್ರ್ಯಾಂಕ್ ಗೇರಿನ ಮೇಲೂ ಬ್ಯಾಲೆನ್ಸರ್ ಗೇರಿನ ಮೇಲೂ ಒಂದೊಂದು ಗುರುತು ಇರುತ್ತದೆ, ಚುಕ್ಕೆಯೋ ಗೀಟೋ. ಜೋಡಿಸುವಾಗ ಎರಡೂ ಎದುರುಬದುರು ಬರಬೇಕು. ಒಂದು ಹಲ್ಲು ಆಚೀಚೆ ಆದರೂ ಎಂಜಿನ್ ಸ್ಟಾರ್ಟ್ ಆಗುತ್ತದೆ, ಪಿಕಪ್ ಇರುತ್ತದೆ, ಸದ್ದೂ ಬರುವುದಿಲ್ಲ. ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಅದುರು ಮಾತ್ರ ಬರುತ್ತದೆ.

ಲೆಕ್ಕದ ಮೇಷ್ಟ್ರು

ಎಷ್ಟು ಅದುರು ಅನ್ನುವುದಕ್ಕೂ ಲೆಕ್ಕ ಇದೆ. ಬ್ಯಾಲೆನ್ಸರ್ ಗೇರಿಗೆ 40 ಹಲ್ಲು ಅಂತ ಇಟ್ಟುಕೊಳ್ಳಿ. ಒಂದು ಹಲ್ಲು ತಪ್ಪಿದರೆ 9 ಡಿಗ್ರಿ. ಬ್ಯಾಲೆನ್ಸರ್ ಅಳಿಸಬೇಕಿದ್ದ ಬಲದಲ್ಲಿ ಸುಮಾರು 16 ಪರ್ಸೆಂಟ್ ಹಾಗೇ ಉಳಿಯುತ್ತದೆ. ಎರಡು ಹಲ್ಲು ತಪ್ಪಿದರೆ 31 ಪರ್ಸೆಂಟ್. ಕೆಳಗಿನ ಆರ್‌ಪಿಎಂನಲ್ಲಿ ಗೊತ್ತಾಗುವುದಿಲ್ಲ, ಮೇಲೆ ಹೋದಂತೆ ವರ್ಗದ ಲೆಕ್ಕದಲ್ಲಿ ಏರುತ್ತದೆ. ನೀವು ಹೇಳುವ 5000ದ ಮೇಲಿನ ಝುಂ ಇದಕ್ಕೆ ಸರಿಯಾಗಿ ಹೊಂದುತ್ತದೆ.

ಬಯಲುಸೀಮೆ 200

ಅಬ್ಬಾ, ಇದನ್ನು ಯಾರೂ ಹೇಳಿರಲಿಲ್ಲ. ಇದನ್ನು ನೋಡಲು ಎಂಜಿನ್ ಮತ್ತೆ ಪೂರ್ತಿ ಇಳಿಸಬೇಕಾ ಅಣ್ಣ?

ಪಾನಾ ಪೆಟ್ಟಿಗೆ (ದಾವಣಗೆರೆ)

ಇಂಥ ಸುಮಾರು ಎಂಜಿನ್ನುಗಳಲ್ಲಿ ಇಳಿಸಬೇಕಿಲ್ಲ. ಆಯಿಲ್ ತೆಗೆದು ಕ್ಲಚ್ ಕಡೆಯ ಕವರ್ ಬಿಚ್ಚಿದರೆ ಎರಡೂ ಗೇರ್ ಕಾಣುತ್ತವೆ. ಕೆಲವಕ್ಕೆ ಮಾತ್ರ ಕ್ಲಚ್ ತೆಗೆಯಬೇಕಾಗುತ್ತದೆ. ಪಿಸ್ಟನ್ ಮೇಲಿನ ತುದಿಗೆ ತಂದು ಗುರುತು ನೋಡಲು ಹೇಳಿ. ಕೆಲವು ಎಂಜಿನ್ನಿನಲ್ಲಿ ಬ್ಯಾಲೆನ್ಸರ್ ಗೇರನ್ನು ಶಾಫ್ಟಿಗೆ ಹಿಡಿಯುವ ಕೀ ಸವೆದಿರುತ್ತದೆ. ಆಗ ಚುಕ್ಕೆ ಸರಿಯಿದ್ದರೂ ಶಾಫ್ಟ್ ತಿರುಗಿರುತ್ತದೆ, ಅದನ್ನೂ ಅಲ್ಲಾಡಿಸಿ ನೋಡಬೇಕು. ಚುಕ್ಕೆ, ಕೀ ಎರಡೂ ಸರಿಯಿದ್ದರೆ ಕ್ರ್ಯಾಂಕ್ ಪ್ರೆಸ್ ಮಾಡುವಾಗ ಓರೆಯಾಗಿದೆಯಾ ಅಂತ ಡಯಲ್ ಗೇಜ್ ಇಟ್ಟು ನೋಡಬೇಕಾಗುತ್ತದೆ. ಅದಕ್ಕೆ ಎಂಜಿನ್ ಇಳಿಸಲೇಬೇಕು. ಮೊದಲು ಕವರ್ ತೆಗೆಸಿ. ಗ್ಯಾಸ್ಕೆಟ್ ಹೊಸದು ತಂದಿಟ್ಟುಕೊಂಡೇ ಹೋಗಿ. ಮತ್ತೆ ಮುಚ್ಚುವ ಮುಂಚೆ ಆ ಎರಡು ಚುಕ್ಕೆಗಳ ಫೋಟೊ ತೆಗೆದು ಇಲ್ಲಿ ಹಾಕಿ, ನಾನೂ ನೋಡುತ್ತೇನೆ.